ಪಾಸು ಕೂಡದ ತಂಡಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಮೊರಪ್ಪೂರು, ಹರೂರು, ಬೊಮ್ಮಿಡಿ, ಕಂಬೈನಲ್ಲೂರು ಕಡೆಯಿಂದ ಕಾಲೇಜಿಗೆ ಹೋಗಿ ಫುಟ್‌ಬಾಲ್ ಆಡುವ ಹುಡುಗರಿಗೆ, ಅವರ ಕ್ಯಾಪ್ಟನ್‌ಗೆ, ಅವರನ್ನು ಆಡಿಸುವ ಪಿ.ಟಿ. ಮೇಷ್ಟ್ರುಗಳಿಗೆ, ಗೆರೆಯಾಚೆ ನಿಂತು ಕೂಗುವ ಹಿರಿಯರಿಗೆ ಈ ಸೂಚನೆ. ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳ ಮಾತು ಬಂದಾಗಲೆಲ್ಲ ನಮ್ಮ ಕಡೆಯ ತಂಡಗಳ ಬಗ್ಗೆ ಒಂದೇ ದೂರು: ಹುಡುಗರು ಓಡುತ್ತಾರೆ, ಬಿದ್ದೆದ್ದು ಹೋರಾಡುತ್ತಾರೆ, ಆದರೆ ಮೂರು ಪಾಸು ಒಟ್ಟಿಗೆ ಕೂಡುವುದಿಲ್ಲ. ದೂರು ನಿಜ. ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು.

ಕಾಲು ಸರಿಯಿಲ್ಲ, ಚೆಂಡಿನ ಮೇಲೆ ಹಿಡಿತವಿಲ್ಲ ಎಂದು ಪಾಸು ಕೊಟ್ಟವನನ್ನು ಬೈಯುತ್ತೇವೆ. ಚೆಂಡು ಕೊನೆಗೆ ಅವನ ಕಾಲಲ್ಲಿ ಇದ್ದದ್ದರಿಂದ ತಪ್ಪು ಅವನದೇ ಎಂದು ಕಾಣುತ್ತದೆ. ಆ ಗಳಿಗೆಯಲ್ಲಿ ಉಳಿದ ಹತ್ತು ಮಂದಿ ಎಲ್ಲಿದ್ದರು ಎಂದು ನೋಡಿ. ಇಬ್ಬರು ಎದುರಾಳಿಯ ಬೆನ್ನ ಹಿಂದೆ ಮರೆಯಾಗಿರುತ್ತಾರೆ. ಒಬ್ಬ ಕೈ ಎತ್ತಿ ‘ಕೊಡೋ, ಕೊಡೋ’ ಎನ್ನುತ್ತ ನಿಂತಲ್ಲೇ ನಿಂತಿರುತ್ತಾನೆ. ಫಾರ್ವರ್ಡ್ ಆಗಲೇ ನಲವತ್ತು ಮೀಟರು ದೂರ ಓಡಿರುತ್ತಾನೆ. ಹತ್ತಿರದ ಹಾಫ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿರುತ್ತಾನೆ. ಚೆಂಡಿರುವವನಿಗೆ ಕೊಡಲು ಜಾಗವೇ ಇಲ್ಲ. ಎತ್ತಿ ಒದೆಯುತ್ತಾನೆ, ಚೆಂಡು ಹೋಗುತ್ತದೆ, ಬೈಸಿಕೊಳ್ಳುವವನು ಅವನು. ನಮ್ಮ ತಂಡಗಳಲ್ಲಿ ಪಾಸು ಕೆಡುವುದು ಬಹುಪಾಲು ಪಡೆಯಬೇಕಾದವರಿಂದ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ನೆಲ, ಚೆಂಡು, ಬೂಟು

ಆಟಕ್ಕೆ ಮೊದಲು ನೆಲ ನೋಡಬೇಕು. ಧರ್ಮಪುರಿ ಜಿಲ್ಲೆಯ ಮೈದಾನಗಳಲ್ಲಿ ಹುಲ್ಲು ಕಡಿಮೆ, ಕೆಂಪು ಮಣ್ಣು, ಸಣ್ಣ ಕಲ್ಲು. ಬೇಸಿಗೆಯಲ್ಲಿ ಗಟ್ಟಿ ನೆಲ, ಐಪ್ಪಸಿ ಮಳೆ ಹಿಡಿದರೆ ಕೆಸರು. ಅದೇ ಮೈದಾನದ ನಡುವೆ ಕ್ರಿಕೆಟ್ ಪಿಚ್ಚು, ಒಂದು ಮೂಲೆಯಲ್ಲಿ ವಾಲಿಬಾಲ್ ಕಂಬ. ಇಂಥ ನೆಲದಲ್ಲಿ ಉರುಳುವ ಚೆಂಡು ಕೊನೆಯ ಗೇಣಿನಲ್ಲಿ ಎಗರಿ ಮೊಣಕಾಲಿಗೆ ಬರುತ್ತದೆ. ಅದನ್ನು ನೆಪ ಮಾಡಿಕೊಳ್ಳಬಾರದು, ಮರೆಯಲೂ ಬಾರದು.

ತಾಲೀಮಿಗೆ ಬಂದ ಕೂಡಲೆ ಎಲ್ಲರೂ ಒಂದು ಸಾಲಾಗಿ ಮೈದಾನದ ಈ ತುದಿಯಿಂದ ಆ ತುದಿಗೆ ನಡೆದು ಕಲ್ಲು ಆರಿಸಿ ಹಾಕಿ. ಕಿರಿಯರು ಮಾತ್ರ ಅಲ್ಲ, ಎಲ್ಲರೂ. ನೀರಿನ ಅನುಕೂಲ ಇದ್ದರೆ ಆಡುವ ಮುನ್ನ ನಡುಭಾಗಕ್ಕೆ ಚಿಮುಕಿಸಿ, ಧೂಳು ಕೂತು ಚೆಂಡು ನೇರ ಉರುಳುತ್ತದೆ. ಗೆರೆಗಳನ್ನು ಪೂರಾ ಎಳೆಯಿರಿ. ಗೆರೆಯಿಲ್ಲದ ಮೈದಾನದಲ್ಲಿ ವಿಂಗ್ ಆಟಗಾರ ತನಗರಿಯದೆ ಒಳಗೆ ಸರಿಯುತ್ತಾನೆ. ಅಗಲ ಹೋದರೆ ಪಾಸಿನ ಜಾಗವೂ ಹೋಯಿತು. ನಿಯಮದ ಪ್ರಕಾರ ಮೈದಾನದ ಅಗಲ 45ರಿಂದ 90 ಮೀಟರ್, ಉದ್ದ 90ರಿಂದ 120 ಮೀಟರ್. ಕಿರಿದಾದ ಮೈದಾನದಲ್ಲೇ ಅಭ್ಯಾಸ ಮಾಡಿ ಸೇಲಂನ ದೊಡ್ಡ ಮೈದಾನಕ್ಕೆ ಇಳಿಯುವ ತಂಡ ಮೊದಲ ಅರ್ಧ ಗಂಟೆ ದೂರದ ಅಂದಾಜು ಸಿಗದೆ ಕಳೆಯುತ್ತದೆ. ನಿಮ್ಮ ಮೈದಾನದ ಅಳತೆ ಹಿಡಿದು ತಿಳಿದುಕೊಳ್ಳಿ.

ಚೆಂಡನ್ನು ಕಲ್ಲಿನಂತೆ ಉಬ್ಬಿಸಬೇಡಿ. ಐದನೇ ಸೈಜಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ ಇರಬೇಕು. ಗಾಳಿಯ ಒತ್ತಡಕ್ಕೆ ನಿಯಮ ಕೊಡುವ ಅವಕಾಶ 0.6ರಿಂದ 1.1 ಅಟ್ಮಾಸ್ಫಿಯರ್. ನಮ್ಮ ಗಟ್ಟಿ ನೆಲಕ್ಕೆ ಆ ಕೆಳತುದಿಯೇ ಸರಿ. ಪಂಪಿನ ಜೊತೆಗೆ ಒತ್ತಡ ನೋಡುವ ಗೇಜು ಒಂದು ಇರಲಿ. ಹೆಬ್ಬೆರಳಲ್ಲಿ ಒತ್ತಿ ನೋಡಿ ಹೇಳುವುದನ್ನು ಬಿಡಿ. ಮೇಲಿನ ಪದರ ಕಿತ್ತ ಚೆಂಡು ಸೀದಾ ಉರುಳುವುದಿಲ್ಲ. ಪಾಸಿನ ಅಭ್ಯಾಸಕ್ಕೆ ಅದು ಬೇಡ.

ಉದ್ದ ಸ್ಟಡ್ಡಿನ ಬೂಟು ಹುಲ್ಲಿಗೆ, ಕೆಸರಿಗೆ. ಒಣನೆಲದಲ್ಲಿ ಅದನ್ನು ಹಾಕಿದವನ ನಿಂತ ಕಾಲು ಅಲುಗಾಡುತ್ತದೆ, ನಿಂತ ಕಾಲು ಅಲುಗಾಡಿದರೆ ಹೊಡೆಯುವ ಕಾಲು ದಿಕ್ಕು ತಪ್ಪುತ್ತದೆ. ಸಣ್ಣ ರಬ್ಬರ್ ಗುಬ್ಬಿಗಳ ಬೂಟು ಹಾಕಿ. ವಾರವೆಲ್ಲ ಬರಿಗಾಲಲ್ಲಿ ಆಡಿ ಪಂದ್ಯದ ದಿನ ಹೊಸ ಬೂಟು ತೊಡುವುದನ್ನು ನಿಲ್ಲಿಸಿ. ಬರಿಗಾಲಿನ ಆಟಕ್ಕೆ ನಮ್ಮಲ್ಲಿ ದೊಡ್ಡ ಹೆಸರೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬೂಟಿಲ್ಲದೆ ಫ್ರಾನ್ಸ್ ಎದುರು ಆಡಿ 2-1ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ಕಡೆಯ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10-1ರಿಂದ ಸೋಲಿಸಿತು. ಬೂಟು ಕಡ್ಡಾಯವಾದದ್ದು ಆಮೇಲೆ. ಬರಿಗಾಲಿನ ಕಾಲ ಮುಗಿದಿದೆ. ಪಂದ್ಯದಲ್ಲಿ ತೊಡುವ ಬೂಟಿನಲ್ಲೇ ಪ್ರತಿದಿನ ಪಾಸು ಹೊಡೆಯಬೇಕು.

ಚೆಂಡು ಬರುವ ಮೊದಲು

ಈ ಭಾಗವನ್ನು ಎರಡು ಸಲ ಓದಿ. ನಮ್ಮ ತಂಡಗಳು ಕೆಡುವುದು ಇಲ್ಲೇ.

ಚೆಂಡು ನಿಮ್ಮ ಕಡೆಗೆ ಹೊರಡುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಚೆಂಡಿನ ಕಡೆಗೆ. ಚೆಂಡು ಉರುಳಿಬರುವಾಗ ಇನ್ನೊಮ್ಮೆ. ನಾರ್ವೆಯ ಗೇರ್ ಯೋರ್ಡೆಟ್ ಎಂಬ ಸಂಶೋಧಕರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರನ್ನು ವಿಡಿಯೊದಲ್ಲಿ ಗಮನಿಸಿ, ಚೆಂಡು ಸಿಗುವ ಮೊದಲು ಹೆಚ್ಚು ಸಲ ಸುತ್ತ ನೋಡುವವರ ಪಾಸುಗಳೇ ಹೆಚ್ಚು ಕೂಡುತ್ತವೆ ಎಂದು ತೋರಿಸಿದರು. ಬಾರ್ಸಿಲೋನಾದ ಜಾವಿ ಆಡುವುದನ್ನು ನೋಡಿದವರಿಗೆ ಇದು ಗೊತ್ತು. ಅವರ ತಲೆ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಇದಕ್ಕೆ ದುಡ್ಡು ಬೇಡ, ಹುಲ್ಲಿನ ಮೈದಾನ ಬೇಡ. ನಮ್ಮ ಹುಡುಗರು ಇದನ್ನು ಮಾಡದಿರುವುದಕ್ಕೆ ಕಾರಣ ಒಂದೇ, ಯಾರೂ ಅವರಿಗೆ ಇದನ್ನು ಕಡ್ಡಾಯ ಮಾಡಿಲ್ಲ. ಇವತ್ತಿನಿಂದ ಕಡ್ಡಾಯ.

ಚೆಂಡನ್ನೇ ದಿಟ್ಟಿಸುತ್ತ ಕಾಯಬೇಡಿ. ಚೆಂಡನ್ನೇ ನೋಡಿದವನಿಗೆ ಅದು ಕಾಲಿಗೆ ಬಂದ ಮೇಲೆ ಹುಡುಕಾಟ ಶುರು. ಅಷ್ಟರಲ್ಲಿ ಎದುರಾಳಿ ಮೈಮೇಲೆ.

ಎದುರಾಳಿಯ ಹಿಂದೆ ನಿಂತು ಚೆಂಡು ಕೇಳಬೇಡಿ. ಚೆಂಡಿರುವವನ ಕಣ್ಣಿಗೂ ನಿಮ್ಮ ಕಾಲಿಗೂ ನಡುವೆ ಯಾರೂ ಇಲ್ಲದಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಬಹಳ ಸಲ ಬೇಕಾಗಿರುವುದು ಎರಡೇ ಹೆಜ್ಜೆ. ನಲವತ್ತು ಮೀಟರ್ ಓಡಲು ಸಿದ್ಧವಿರುವ ಹುಡುಗ ಈ ಎರಡು ಹೆಜ್ಜೆಗೆ ಸೋಮಾರಿತನ ಮಾಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಚೆಂಡಿರುವವನಿಗೆ ಯಾವಾಗಲೂ ಇಬ್ಬರು ಸಿಗುವಂತಿರಬೇಕು, ಎಡಕ್ಕೊಬ್ಬ, ಬಲಕ್ಕೊಬ್ಬ, ಓರೆಯಾಗಿ. ಒಲೆಯ ಮೂರು ಗುಂಡಿನ ಹಾಗೆ ಮೂವರು ಕೂತರೆ ಪಾಸು ನಿಲ್ಲುತ್ತದೆ. ಮೂವರೂ ಒಂದೇ ಗೆರೆಯಲ್ಲಿ ನಿಂತರೆ ಒಬ್ಬ ಎದುರಾಳಿ ಮೂವರನ್ನೂ ಕಟ್ಟಿಹಾಕುತ್ತಾನೆ. ದೂರ ಎಂಟರಿಂದ ಹದಿನೈದು ಮೀಟರ್. ಇನ್ನೂ ಹತ್ತಿರ ಬಂದರೆ ನೀವೇ ನಿಮ್ಮ ಎದುರಾಳಿಯನ್ನು ಚೆಂಡಿನ ಬಳಿ ಕರೆತಂದಂತೆ. ಇನ್ನೂ ದೂರ ಹೋದರೆ ನಮ್ಮ ನೆಲದಲ್ಲಿ ಚೆಂಡು ಎಗರುತ್ತದೆ.

ನಿಲ್ಲುವಾಗ ಮೈ ಓರೆಯಾಗಿರಲಿ. ಪಾಸು ಕೊಡುವವನಿಗೆ ಎದೆ ಕೊಟ್ಟು ನಿಂತವನಿಗೆ ಹಿಂದಕ್ಕೆ ಕೊಡುವುದು ಬಿಟ್ಟು ಬೇರೆ ದಾರಿಯಿಲ್ಲ. ಅರ್ಧ ತಿರುಗಿ ನಿಂತು ಎದುರಾಳಿಯ ಗೋಲಿಗೆ ಹತ್ತಿರವಿರುವ ಕಾಲಲ್ಲಿ ಚೆಂಡು ತೆಗೆದುಕೊಂಡರೆ ಮೊದಲ ಟಚ್ಚಿನಲ್ಲೇ ಮುಂದೆ ನೋಡುತ್ತೀರಿ. ಚೆಂಡನ್ನು ಕಾಲ ಕೆಳಗೆ ಒತ್ತಿ ಸತ್ತ ಹಾಗೆ ನಿಲ್ಲಿಸಬೇಡಿ. ಮುಂದೆ ಹೋಗಬೇಕಾದ ಕಡೆಗೆ ಅರ್ಧ ಮೀಟರ್ ತಳ್ಳಿ. ನಿಂತ ಚೆಂಡನ್ನು ಹೊಡೆಯಲು ಇನ್ನೊಂದು ಹೆಜ್ಜೆ ಬೇಕು, ಪಾಸು ತಡವಾಗುವುದು ಆ ಒಂದು ಹೆಜ್ಜೆಯಿಂದ.

ಕೊಡುವಾಗ

ಇಲ್ಲಿ ಹೇಳುವುದು ಕಡಿಮೆ, ಏಕೆಂದರೆ ಇದನ್ನು ಎಲ್ಲ ಮೇಷ್ಟ್ರೂ ಹೇಳಿಕೊಡುತ್ತಾರೆ. ನಿಂತ ಕಾಲು ಚೆಂಡಿನ ಪಕ್ಕದಲ್ಲಿ, ಬೆರಳು ಕೊಡಬೇಕಾದ ದಿಕ್ಕಿಗೆ. ಕಾಲಿನ ಒಳಮೈಯಿಂದ, ಕಣಕಾಲು ಬಿಗಿ ಹಿಡಿದು, ಚೆಂಡಿನ ನಡುವಿಗೆ ಹೊಡೆತ. ಹೊಡೆದ ಮೇಲೆ ಕಾಲು ಅದೇ ದಿಕ್ಕಿಗೆ ಸಾಗಲಿ.

ಮೆಲ್ಲಗೆ ಉರುಳಿಸಬೇಡಿ. ಜೊತೆಗಾರನಿಗೆ ಕಷ್ಟವಾದೀತೆಂದು ಮೆತ್ತಗೆ ಕೊಡುವುದು ದಯೆಯಲ್ಲ. ಮೆತ್ತನೆಯ ಪಾಸು ಹೋಗಿ ತಲಪುವಷ್ಟರಲ್ಲಿ ಎದುರಾಳಿಯೂ ಅಲ್ಲಿಗೆ ತಲಪಿರುತ್ತಾನೆ. ನಮ್ಮ ನೆಲದಲ್ಲಿ ಮೆಲ್ಲಗೆ ಹೋಗುವ ಚೆಂಡು ಕಲ್ಲಿಗೆ ಸಿಕ್ಕು ದಾರಿಯನ್ನೂ ಬದಲಿಸುತ್ತದೆ. ಗಟ್ಟಿಯಾಗಿ, ನೆಲಕ್ಕೆ ಅಂಟಿಸಿ, ಎದುರಾಳಿಯಿಂದ ದೂರ ಇರುವ ಕಾಲಿಗೆ ಕೊಡಿ. ಎದುರಾಳಿ ಬಲಗಡೆ ನಿಂತಿದ್ದರೆ ಎಡಗಾಲಿಗೆ. ಯಾವ ಕಾಲಿಗೆ ಕೊಟ್ಟಿರಿ ಎಂಬುದರಲ್ಲೇ ಮುಂದೇನು ಮಾಡಬೇಕೆಂದು ಅವನಿಗೆ ತಿಳಿದುಬಿಡುತ್ತದೆ.

ನಿಮ್ಮ ಗೋಲಿನ ಎದುರಿಗೆ ಅಡ್ಡ ಪಾಸು ಕೊಡಲೇಬೇಡಿ. ಇದಕ್ಕೆ ವಿನಾಯಿತಿಯಿಲ್ಲ.

2019ರ ನಿಯಮದಂತೆ ಗೋಲ್ ಕಿಕ್ಕಿನ ಚೆಂಡು ಪೆನಾಲ್ಟಿ ಪ್ರದೇಶದಿಂದ ಹೊರಬರಬೇಕಾಗಿಲ್ಲ, ಒಳಗೇ ಜೊತೆಗಾರ ತೆಗೆದುಕೊಳ್ಳಬಹುದು. ಟಿವಿಯಲ್ಲಿ ಯುರೋಪಿನ ಗೋಲ್‌ಕೀಪರ್ ಗೋಲಿನ ಎದುರೇ ಚಿಕ್ಕ ಪಾಸು ಕೊಟ್ಟು ಆಟ ಶುರು ಮಾಡುವುದನ್ನು ಎಲ್ಲರೂ ನೋಡಿದ್ದೀರಿ. ಜಮಖಾನದಂಥ ಹುಲ್ಲಿನ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಆಟ ಅದು. ಉಬ್ಬುತಗ್ಗಿನ ನೆಲದಲ್ಲಿ, ತಾಲೀಮಿಲ್ಲದೆ, ಪಂದ್ಯದಲ್ಲಿ ಅದನ್ನು ಮಾಡಬೇಡಿ. ಗೋಲ್‌ಕೀಪರ್ ಗೆರೆಯ ಪಕ್ಕದ ಬ್ಯಾಕ್‌ಗೆ ಕೊಡಲಿ, ಇಲ್ಲವೇ ಹಾಫ್ ಲೈನಿಗೆ ಎತ್ತಲಿ. ಹಾಗೆ ಎತ್ತಿದಾಗ ಚೆಂಡು ಬೀಳುವ ಕಡೆ ನಮ್ಮವರು ಮೂವರು ಮೊದಲೇ ಇರಬೇಕು. ಉದ್ದ ಹೊಡೆತ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಲ್ಲಿ ಯಾರೂ ಇಲ್ಲದಿರುವಾಗ ಹೊಡೆಯುವುದು ಕೆಟ್ಟದ್ದು. ಭಯಕ್ಕೆ ಒದ್ದ ಚೆಂಡನ್ನು ಲಾಂಗ್ ಪಾಸು ಎಂದು ಕರೆಯಬೇಡಿ.

ಗೋಲ್‌ಕೀಪರ್‌ಗೆ ಕಾಲಿಂದ ಬೇಕೆಂದೇ ಹಿಂದೆ ಕೊಟ್ಟ ಚೆಂಡನ್ನು ಅವನು ಕೈಯಲ್ಲಿ ಮುಟ್ಟುವಂತಿಲ್ಲ. 1992ರಿಂದ ಇರುವ ನಿಯಮ. ಆದ್ದರಿಂದ ಗೋಲ್‌ಕೀಪರ್‌ಗೂ ಪಾಸಿನ ತಾಲೀಮು ಬೇಕು. ಅವನನ್ನು ಗೋಲಿನೊಳಗೇ ನಿಲ್ಲಿಸಿ ಉಳಿದವರು ಮಾತ್ರ ಪಾಸು ಆಡುವ ಪದ್ಧತಿ ಕೈಬಿಡಿ. ಹಿಂದಕ್ಕೆ ಕೊಡುವಾಗ ಗೋಲು ಕಂಬಗಳ ನೇರಕ್ಕೆ ಕೊಡಬೇಡಿ, ಹೊರಬದಿಗೆ ಕೊಡಿ. ಚೆಂಡು ಎಗರಿ ಅವನ ಕಾಲು ತಪ್ಪಿದರೂ ಕಾರ್ನರ್ ಆದೀತು, ನಮ್ಮ ಗೋಲಿಗೆ ಹೋಗದು.

ತ್ರೋ-ಇನ್ ಕೂಡ ಪಾಸೇ. ತ್ರೋ-ಇನ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಒಂದು ಪಂದ್ಯದಲ್ಲಿ ಎಷ್ಟೋ ಸಲ ಸಿಗುವ ಈ ಅವಕಾಶವನ್ನು ನಮ್ಮವರು ಗುಂಪಿನ ತಲೆಯ ಮೇಲೆ ಎಸೆದು ಹಾಳು ಮಾಡುತ್ತಾರೆ. ಎಸೆಯುವವನಿಗೆ ಹತ್ತಿರ ಇಬ್ಬರು ಜಾಗ ಬದಲಿಸುತ್ತ ಓಡಲಿ, ಒಬ್ಬ ಮುಂದಕ್ಕೆ ಎಳೆಯಲಿ. ಎಸೆದವನು ಕೂಡಲೆ ಒಳಗೆ ಬಂದು ಚೆಂಡು ವಾಪಸು ಪಡೆಯಲಿ.

ಕೊಟ್ಟ ಮೇಲೆ

ಕೊಟ್ಟು ನಿಲ್ಲಬೇಡಿ. ನಿಮ್ಮ ಪಾಸು ಚೆನ್ನಾಗಿತ್ತೇ ಎಂದು ನೋಡುತ್ತ ನಿಂತ ಆ ಎರಡು ಗಳಿಗೆಯಲ್ಲಿ ನಿಮ್ಮ ಜೊತೆಗಾರ ಒಂಟಿಯಾಗುತ್ತಾನೆ. ಕೊಟ್ಟ ಕೂಡಲೆ ಹೊಸ ಜಾಗಕ್ಕೆ ಹೋಗಿ. ಮುಂದಕ್ಕೇ ಹೋಗಬೇಕೆಂದಿಲ್ಲ, ಪಕ್ಕಕ್ಕಾದರೂ ಸರಿ.

ಪಾಸು ತಪ್ಪಿದರೆ ಕೈ ಚೆಲ್ಲಬೇಡಿ, ಬೈಯಬೇಡಿ. ತಪ್ಪಿದ ಪಾಸಿನ ಹತ್ತಿರ ಇರುವ ಮೂವರು ಅದೇ ಕ್ಷಣ ಚೆಂಡಿನ ಮೇಲೆ ಹೋಗಬೇಕು. ಆಟ ನಡೆಯುವಾಗ ಜೊತೆಗಾರನನ್ನು ಬೈದವನನ್ನು ಕ್ಯಾಪ್ಟನ್ ಹೊರಗೆ ಕರೆಯಲಿ, ಎಂಥ ಆಟಗಾರನಾದರೂ. ಒಮ್ಮೆ ಬೈಸಿಕೊಂಡ ಹುಡುಗ ಮುಂದಿನ ಸಲ ಚೆಂಡು ಕೇಳುವುದೇ ಇಲ್ಲ, ಎದುರಾಳಿಯ ಹಿಂದೆ ಹೋಗಿ ಅಡಗುತ್ತಾನೆ. ಹೀಗೆ ಅಡಗುವವರು ಇಬ್ಬರಾದರೆ ಸಾಕು, ತಂಡ ಒಂಬತ್ತು ಮಂದಿಯದಾಗುತ್ತದೆ. ಮೊದಲೇ ಹೇಳಿದ ಬೆನ್ನ ಹಿಂದಿನ ಮರೆಗೆ ಕಾರಣ ಬಹಳ ಸಲ ಸೋಮಾರಿತನವಲ್ಲ, ಹೆದರಿಕೆ. ಅದನ್ನು ಹುಟ್ಟಿಸಿದವರು ನಾವು.

ಮೈದಾನದ ಮಾತು

ನಮ್ಮ ತಂಡಗಳ ಹುಡುಗರಲ್ಲಿ ಮನೆಮಾತು ತಮಿಳು, ಕನ್ನಡ, ತೆಲುಗು, ಉರ್ದು ಎಲ್ಲವೂ ಇವೆ. ಕಾಲೇಜಿನಲ್ಲಿ ಎಲ್ಲರೂ ತಮಿಳಲ್ಲೇ ಮಾತಾಡಿದರೂ ಗಾಬರಿಯಾದಾಗ ಬಾಯಿಗೆ ಬರುವುದು ಅವರವರ ಮನೆಮಾತು. ಒಬ್ಬ ‘ಬಿಡೋ’ ಎಂದರೆ ಇನ್ನೊಬ್ಬ ‘ಆಳು, ಆಳು’ ಎನ್ನುತ್ತಾನೆ, ಮತ್ತೊಬ್ಬ ಬರೀ ಹೆಸರು ಕೂಗುತ್ತಾನೆ. ಚೆಂಡು ತೆಗೆದುಕೊಳ್ಳುವವನಿಗೆ ಏನೂ ಅರ್ಥವಾಗದು.

ಮೂರೇ ಕೂಗು ಗೊತ್ತುಮಾಡಿ: ಹಿಂದೆ ಎದುರಾಳಿ ಬಂದ, ಸಮಯವಿದೆ ತಿರುಗು, ನನಗೇ ವಾಪಸು ಕೊಡು. ಯಾವ ಭಾಷೆಯಲ್ಲಿ ಎಂಬುದು ತಂಡಕ್ಕೆ ಬಿಟ್ಟದ್ದು. ಒಮ್ಮೆ ಗೊತ್ತಾದ ಮೇಲೆ ಹನ್ನೊಂದು ಮಂದಿಯೂ ಅದನ್ನೇ ಕೂಗಬೇಕು, ತಾಲೀಮಿನಲ್ಲೂ. ಪಾಸು ಕೊಟ್ಟವನೇ ಕೂಗಬೇಕೆಂಬುದು ಇನ್ನೂ ಮುಖ್ಯ. ಅವನ ಮುಖ ಆ ಕಡೆಗೇ ಇರುವುದರಿಂದ ಪಡೆಯುವವನ ಬೆನ್ನ ಹಿಂದೆ ಯಾರಿದ್ದಾರೆಂದು ಕಾಣುವುದು ಅವನಿಗೆ. ಬರೀ ಹೆಸರು ಕೂಗಬೇಡಿ. ಹೆಸರು ಕೇಳಿದವನು ತಲೆ ಎತ್ತಿ ನಿಮ್ಮನ್ನು ನೋಡುತ್ತಾನೆ, ಚೆಂಡು ಕಾಲಡಿಯಲ್ಲಿ ಹೋಗುತ್ತದೆ.

ತಾಲೀಮು

ನಮ್ಮ ಕಡೆಯ ನಿಜವಾದ ಕಷ್ಟ ಇಲ್ಲಿದೆ. ಕ್ಲಾಸು ಮುಗಿದ ಮೇಲೆ ಹುಡುಗರು ಊರಿಗೆ ಮರಳಬೇಕು. ಮೊರಪ್ಪೂರು ಸೇಲಂ–ಜೋಲಾರ್‌ಪೇಟೆ ರೈಲು ದಾರಿಯ ಮೇಲಿದ್ದರೂ ಎಲ್ಲರ ಊರು ದಾರಿಯ ಮೇಲಿಲ್ಲ. ಒಬ್ಬನಿಗೆ ರೈಲು, ಒಬ್ಬನಿಗೆ ಹರೂರು ಬಸ್ಸು, ಇನ್ನೊಬ್ಬನಿಗೆ ಮನೆಯಲ್ಲಿ ಹಸು ಕಾಯುತ್ತಿರುತ್ತದೆ, ಮಾವಿನ ಸುಗ್ಗಿಯಲ್ಲಿ ತೋಟದ ಕೆಲಸ. ಹನ್ನೊಂದು ಮಂದಿ ಒಟ್ಟಿಗೆ ತಾಲೀಮಿಗೆ ಸಿಗುವುದು ಅಪರೂಪ. ಓಟವನ್ನು ಒಬ್ಬನೇ ಊರ ರಸ್ತೆಯಲ್ಲಿ ಕಲಿಯಬಹುದು. ಪಾಸು ಇಬ್ಬರ ನಡುವಿನ ವಿಷಯ, ಒಬ್ಬನಿಂದ ಆಗದು. ನಮ್ಮ ಹುಡುಗರಲ್ಲಿ ದಮ್ಮಿದ್ದು ಪಾಸಿಲ್ಲದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ.

ಹಾಗಾಗಿ ಸಿಗುವ ಒಂದು ಗಂಟೆಯನ್ನು ಮೈದಾನ ಸುತ್ತುವುದರಲ್ಲಿ ಕಳೆಯಬೇಡಿ. ಮೊದಲು ಅರ್ಧ ಗಂಟೆ ಓಡಿಸಿ, ದಣಿದ ಮೇಲೆ ಹತ್ತು ನಿಮಿಷ ಚೆಂಡು ಕೊಟ್ಟು, ಆಮೇಲೆ ಮ್ಯಾಚು ಆಡಿಸಿ ಕಳಿಸುವ ಪದ್ಧತಿಯನ್ನು ಇಂದೇ ಕೈಬಿಡಿ. ಓಟ ಮನೆಯ ಪಾಠವಾಗಲಿ, ಬೆಳಗ್ಗೆ ಊರಲ್ಲೇ ಓಡಿ ಬರಲಿ. ಮೈದಾನದಲ್ಲಿ ಎಲ್ಲವೂ ಚೆಂಡಿನ ಜೊತೆ.

ಒಂದೇ ಊರಿನ, ಒಂದೇ ಬಸ್ಸಿನ ಹುಡುಗರನ್ನು ಜೋಡಿ ಮಾಡಿ. ಬೊಮ್ಮಿಡಿಯ ಇಬ್ಬರು ತಮ್ಮ ಊರಲ್ಲೇ ಒಂದು ಗೋಡೆ ಹುಡುಕಿ ಸಂಜೆ ಪಾಸು ಹೊಡೆಯಬಹುದು. ಎರಡು ಕಾಲಲ್ಲೂ. ಆಟದಲ್ಲಿ ಆ ಜೋಡಿಯನ್ನು ಆದಷ್ಟು ಅಕ್ಕಪಕ್ಕದ ಜಾಗದಲ್ಲಿ ಇಡಿ, ಒಬ್ಬ ಬ್ಯಾಕ್ ಆದರೆ ಇನ್ನೊಬ್ಬ ಅದೇ ಬದಿಯ ಹಾಫ್. ವಾರಕ್ಕೊಮ್ಮೆ ತಂಡವನ್ನೆಲ್ಲ ಕಲಸಿ ಹೊಸದಾಗಿ ಹಂಚಬೇಡಿ.

ಮೈದಾನಕ್ಕೆ ಬಂದ ಮೇಲೆ ಹತ್ತು ಮೀಟರ್ ಚೌಕ ಗೀಚಿ. ಸುತ್ತ ನಾಲ್ವರು, ನಡುವೆ ಒಬ್ಬ. ನಡುವಿನವನಿಗೆ ಚೆಂಡು ಸಿಗದಂತೆ ಆಡಬೇಕು, ಕಳೆದುಕೊಂಡವನು ನಡುವೆ ಹೋಗಬೇಕು. ಸ್ಪೇನಿನವರು ಇದನ್ನು ರೊಂಡೊ ಎನ್ನುತ್ತಾರೆ. ಬಾರ್ಸಿಲೋನಾದ ತಾಲೀಮು ಇಂದಿಗೂ ಇದರ ಸುತ್ತಲೇ ನಿಂತಿದೆ. ಕೂಡಿಬಂದ ಮೇಲೆ ಐವರ ನಡುವೆ ಇಬ್ಬರು. ಎರಡೇ ಟಚ್ಚು, ಆಮೇಲೆ ಒಂದೇ ಟಚ್ಚು. ಇದನ್ನು ಮೈ ಬಿಸಿ ಮಾಡುವ ಮೋಜಿನ ಆಟವಾಗಿ ಬಿಡಬೇಡಿ. ನಗುತ್ತ ಹಿಮ್ಮಡಿಯಲ್ಲಿ ಪಾಸು ಕೊಡುವವನನ್ನು ನಿಲ್ಲಿಸಿ. ಚೆಂಡು ಬರುವ ಮೊದಲು ಹೆಗಲ ಮೇಲಿಂದ ನೋಡದವನೂ ನಡುವೆ ಹೋಗಬೇಕು, ಅವನ ಪಾಸು ಸರಿಯಾಗಿ ಹೋಗಿದ್ದರೂ.

ಇದು ಯುರೋಪಿನವರು ಕಲಿಸಿದ ವಿದ್ಯೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಶಾಲಾ ಮೇಷ್ಟ್ರಾಗಿದ್ದವರು. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಭಾರತದ ತಂಡವನ್ನು ತಯಾರು ಮಾಡಿದರು. ಆಟಗಾರರಿಗೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವ ಹುಚ್ಚಿದೆ ಎಂದು ಕಂಡಾಗ ಅವರು ಬೈಯುತ್ತ ಕೂರಲಿಲ್ಲ. ಡ್ರಿಬಲ್ ಮಾಡುವಂತೆಯೇ ಇಲ್ಲದ ಪಂದ್ಯಾವಳಿಗಳನ್ನು ನಡೆಸಿ ಒಂದೇ ಟಚ್ಚಿನ ಪಾಸು ಕಲಿಸಿದರು. ಬಲವಿಲ್ಲದ ಕಾಲಲ್ಲೇ ಆಡಬೇಕಾದ ಪಂದ್ಯಾವಳಿಗಳನ್ನೂ ನಡೆಸಿದರು. ಅವರ ಕೈಯಲ್ಲಿ ಭಾರತ 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂದಿತು. ಆ ತಂಡದ ಹಾಫ್‌ಗಳಲ್ಲಿ ಮೈಸೂರು ಕಡೆಯ ಕೆಂಪಯ್ಯ ಒಬ್ಬರು.

ರಹೀಂ ಸಾಹೇಬರ ದಾರಿ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ನಮ್ಮ ಹುಡುಗರಲ್ಲಿ ಬಹಳ ಮಂದಿ ಊರ ಹಬ್ಬದ ಸೆವೆನ್ಸ್ ಪಂದ್ಯಗಳಿಂದ ಬಂದವರು. ಅಲ್ಲಿ ಮೈದಾನ ಚಿಕ್ಕದು, ಒಬ್ಬನೇ ಮೂವರನ್ನು ದಾಟಿ ಗೋಲು ಹೊಡೆದರೆ ಊರೇ ಎದ್ದು ಕೂಗುತ್ತದೆ. ಆ ಹುಡುಗ ಹನ್ನೊಂದರ ಆಟಕ್ಕೆ ಬಂದಾಗಲೂ ಮೂವರನ್ನು ದಾಟಲು ನೋಡುತ್ತಾನೆ. ಅವನ ಧೈರ್ಯ ಕಸಿಯಬೇಡಿ, ಎದುರಾಳಿಯ ಗೋಲಿನ ಹತ್ತಿರ ಅದು ಬೇಕೇಬೇಕು. ವಾರದಲ್ಲಿ ಎರಡು ದಿನ ಮಾತ್ರ ಡ್ರಿಬಲ್ಲಿಗೆ ಫ್ರೀ ಕಿಕ್ ಕೊಡುವ ಆಟ ಆಡಿಸಿ. ಮತ್ತೊಂದು ದಿನ ಎಡಗಾಲಲ್ಲಿ ಮಾತ್ರ. ಊರ ಹಬ್ಬದ ಪಂದ್ಯ ನಡೆಸುವವರೂ ಒಂದು ದಿನದ ಪಂದ್ಯಾವಳಿಯನ್ನು ಹೀಗೆ ಇಟ್ಟು ನೋಡಲಿ.

ಬಿಸಿಲಿನ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ತಾಲೀಮು ಬೇಡ. ದಣಿದವನ ತಲೆ ಮೊದಲು ಕೆಳಗೆ ಬೀಳುತ್ತದೆ, ತಲೆ ಕೆಳಗಿಟ್ಟವನು ಪಾಸು ಕಾಣುವುದಿಲ್ಲ. ಬೆಳಗ್ಗೆ ಎಂಟರೊಳಗೆ ಮುಗಿಸಿ. ನೀರು ಕುಡಿಯುವುದನ್ನು ಶಿಸ್ತಿನ ಹೆಸರಲ್ಲಿ ತಡೆಯಬೇಡಿ.

ಮೇಷ್ಟ್ರಿಗೆ, ಕ್ಯಾಪ್ಟನ್‌ಗೆ

ಆಯ್ಕೆಯ ದಿನ ನೂರು ಮೀಟರ್ ಓಟ ನೋಡಿ ತಂಡ ಕಟ್ಟಬೇಡಿ. ಚೌಕದೊಳಗಿನ ಆಟ ಇಪ್ಪತ್ತು ನಿಮಿಷ ಆಡಿಸಿ, ಚೆಂಡಿಲ್ಲದಿರುವಾಗ ಯಾರು ಜಾಗ ಬದಲಿಸುತ್ತಾರೆಂದು ನೋಡಿ ಬರೆದುಕೊಳ್ಳಿ. ಮೈ ಸಣ್ಣದಿರುವ, ಓಟ ಸಾಧಾರಣದ, ತಲೆ ಎತ್ತಿ ಆಡುವ ಹುಡುಗನನ್ನು ಬೆಂಚಿನಲ್ಲಿ ಕೂರಿಸಿ ಒಣಗಿಸಬೇಡಿ.

ಪ್ರತಿ ಪಂದ್ಯದಲ್ಲೂ ಬದಲಿ ಆಟಗಾರನೊಬ್ಬನಿಗೆ ನೋಟ್‌ಬುಕ್ ಕೊಡಿ. ತಪ್ಪಿದ ಪ್ರತಿ ಪಾಸಿಗೂ ಮೂರು ಗುರುತು: ಮೈದಾನದ ಯಾವ ಭಾಗ, ಕೊಟ್ಟವನಿಗೆ ಎಷ್ಟು ಮಂದಿ ಸಿಗುವಂತಿದ್ದರು, ಪಡೆಯಬೇಕಾದವನು ಓಡುತ್ತಿದ್ದನೋ ನಿಂತಿದ್ದನೋ. ಕೊಟ್ಟವನ ಹೆಸರು ಬರೆಯುವುದು ಬೇಡ. ಪಂದ್ಯ ಮುಗಿದ ಮೇಲೆ ಮರದ ನೆರಳಲ್ಲಿ ಕೂತು ಅದನ್ನು ಓದಿ. ಯಾವ ಭಾಷಣಕ್ಕಿಂತಲೂ ಆ ಹಾಳೆ ಹುಡುಗರಿಗೆ ಬೇಗ ಅರ್ಥವಾಗುತ್ತದೆ.

ಸೋತ ಮರುದಿನ ತಂಡವನ್ನು ಶಿಕ್ಷೆಗೆಂದು ಓಡಿಸಬೇಡಿ. ಪಾಸಿನ ಆಟಕ್ಕೆ ಇಳಿದ ತಂಡ ಮೊದಲ ಕೆಲವು ಪಂದ್ಯ ಸೋಲುತ್ತದೆ, ಹಿಂದಿಗಿಂತ ಹೆಚ್ಚು ಗೋಲಿನಲ್ಲೇ ಸೋಲಬಹುದು. ಆಗ ಹೆದರಿ ಮತ್ತೆ ಎತ್ತಿ ಒದೆಯುವ ಆಟಕ್ಕೆ ಹೋದರೆ ಆವರೆಗಿನ ತಾಲೀಮೆಲ್ಲ ವ್ಯರ್ಥ. ಒಂದು ವರ್ಷ ಪೂರಾ ಬಿಡಿ. ಪ್ರಾಂಶುಪಾಲರು ಕೇಳಿದರೆ ಹೀಗೇ ಹೇಳಿ.

ಗೆರೆಯಾಚೆ ನಿಂತವರಿಗೆ

‘ಹೊಡೆಯೋ, ಎತ್ತಿ ಹೊಡೆಯೋ’ ಎಂದು ಕೂಗಬೇಡಿ. ಚೆಂಡಿರುವ ಹುಡುಗನಿಗೆ ಆಗಲೇ ಮೇಷ್ಟ್ರ ಮಾತು, ಜೊತೆಗಾರರ ಕೂಗು, ಎದುರಾಳಿಯ ಹೆಜ್ಜೆ ಸದ್ದು ಇವೆ. ನಾಲ್ಕನೆಯದು ಬೇಡ. ಒಳ್ಳೆಯ ಪಾಸಿಗೆ, ಅದರಲ್ಲೂ ಚೆಂಡಿಲ್ಲದೆ ಜಾಗ ಮಾಡಿಕೊಟ್ಟ ಹುಡುಗನಿಗೆ ಚಪ್ಪಾಳೆ ತಟ್ಟಿ. ಗೋಲು ಹೊಡೆದವನಿಗೆ ಹೇಗೂ ತಟ್ಟುತ್ತೀರಿ.

ಈ ತಂಡಗಳಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಎದುರಾಳಿಗಳು. ಹದಿನಾಲ್ಕು ಹುಡುಗರು ಬಂದ ಸಂಜೆ ಏಳು-ಏಳು ಆಗಿ ಹಂಚಿಕೊಂಡು ಆಡಿದರೆ ಹನ್ನೊಂದರ ಪಾಸು ಕಲಿಯಲಾಗದು. ಕಾಲೇಜು ಮುಗಿಸಿ ಊರಲ್ಲಿರುವವರು, ರೈಲ್ವೆಯಲ್ಲಿ, ಪೊಲೀಸಿನಲ್ಲಿ ಕೆಲಸ ಸಿಕ್ಕಿ ರಜಕ್ಕೆ ಬಂದವರು, ಒಮ್ಮೆ ಬೂಟು ಕಟ್ಟಿ ಬಿಟ್ಟವರು ಭಾನುವಾರ ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಬನ್ನಿ. ಹುಡುಗರ ಎದುರು ಹನ್ನೊಂದು ಮಂದಿಯಾಗಿ ನಿಂತು, ಮೈಮೇಲೆ ಬಿದ್ದು ಆಡಿ. ನೀವು ಬಂದರೆ ಅವರು ಕಲಿಯುತ್ತಾರೆ.